ಮದರಾಸಿನಿಂದ ಮಂಗಳೂರಿಗೆ ಎಷ್ಟು ಮೈಲಿ?

ಬ್ಯಾಂಕಿನ ಗುಮಾಸ್ತನಿಗೆ ದೂರದ ಲೆಕ್ಕ ಬೇಕಾಗುವುದು ಪ್ರಯಾಣ ಭತ್ಯೆಯ ಬಿಲ್ಲು ಬರೆಯುವಾಗ ಮಾತ್ರ. ಇಂಥ ಊರಿನಿಂದ ಇಂಥ ಊರಿಗೆ ಇಷ್ಟು ಕಿಲೋಮೀಟರು ಎಂದು ತುಂಬಿದರೆ ಮೇಲಿನವರು ಸಹಿ ಹಾಕುತ್ತಾರೆ, ಹಣ ಖಾತೆಗೆ ಬೀಳುತ್ತದೆ. ಆ ಅಂಕಿಯನ್ನು ಮೊಟ್ಟಮೊದಲು ಅಳೆದವರಾರು, ಹೇಗೆ ಅಳೆದರು ಎಂದು ಕೇಳುವ ವ್ಯವಧಾನ ಯಾರಿಗಿದೆ? ನನಗೂ ಇರಲಿಲ್ಲ. ಒಂದು ಭಾನುವಾರ ಮಕ್ಕಳೊಡನೆ ಪರಂಗಿಮಲೆಯ ಮೆಟ್ಟಿಲು ಹತ್ತಿ ನಿಂತಾಗ, ಹಿರಿಯ ಮಗಳು “ಇಲ್ಲಿಂದ ನಮ್ಮೂರು ಎಷ್ಟು ದೂರ ಅಪ್ಪಾ?” ಎಂದಳು. ಅದಕ್ಕೆ ಉತ್ತರ ಹುಡುಕುತ್ತ ಹೋದವನಿಗೆ, ಕನ್ನಡ ನಾಡಿನ ದೂರವನ್ನು ಸರಿಯಾಗಿ ಅಳೆಯುವ ಕೆಲಸ ನಾವು ನಿಂತಿದ್ದ ಆ ಗುಡ್ಡದ ಬುಡದಿಂದಲೇ ಸಾಗಿತೆಂಬುದು ತಿಳಿಯಿತು.

ದೂರದ ಪಟ್ಟಿ ಎಂಬುದು ಇಂಗ್ಲೆಂಡಿನಲ್ಲಿಯೂ ಬಹಳ ಹಳೆಯದೇನಲ್ಲ. 1579ರಲ್ಲಿ ಕ್ರಿಸ್ಟೋಫರ್ ಸ್ಯಾಕ್ಸ್‌ಟನ್ ಎಂಬುವನು ಅಲ್ಲಿನ ಕೌಂಟಿಗಳ, ಎಂದರೆ ನಮ್ಮ ಜಿಲ್ಲೆಗಳಂಥ ಪ್ರಾಂತಗಳ, ನಕ್ಷೆಗಳನ್ನು ಪುಸ್ತಕವಾಗಿ ಹೊರತಂದನು. ಅವುಗಳಲ್ಲಿ ಬೆಟ್ಟವಿತ್ತು, ಹೊಳೆಯಿತ್ತು, ಊರಿತ್ತು. ದಾರಿ ಮಾತ್ರ ಇರಲಿಲ್ಲ! ಜಾನ್ ನಾರ್ಡನ್ ಎಂಬ ಇನ್ನೊಬ್ಬನು 1625ರಲ್ಲಿ ಪ್ರಯಾಣಿಕರಿಗಾಗಿ ಮುಕ್ಕೋನದ ಪಟ್ಟಿಯನ್ನು ಅಚ್ಚು ಹಾಕಿಸಿದನು. ಒಂದು ಊರಿನ ಸಾಲೂ ಇನ್ನೊಂದು ಊರಿನ ಸಾಲೂ ಕೂಡುವ ಮನೆಯಲ್ಲಿ ದೂರದ ಅಂಕಿ. ನಮ್ಮ ಬಸ್ಸಿನ ದರಪಟ್ಟಿಯ ಮುತ್ತಜ್ಜ ಎನ್ನಬಹುದು. 1675ರಲ್ಲಿ ಜಾನ್ ಓಗಿಲ್ಬಿಯು ಚಕ್ರವನ್ನು ಉರುಳಿಸಿ ದಾರಿಗಳನ್ನು ಅಳೆಸಿ, 1760 ಗಜಕ್ಕೆ ಒಂದು ಮೈಲಿ ಎಂದು ಹಿಡಿದು, 100 ಫಲಕಗಳಲ್ಲಿ ದಾರಿಗಳನ್ನೇ ಚಿತ್ರಿಸಿದನು. ಅದಕ್ಕೆ ಮುಂಚೆ ಒಂದೊಂದು ಸೀಮೆಗೆ ಒಂದೊಂದು ಮೈಲಿ.

ನಗುವ ಮಾತಲ್ಲ. ನಮ್ಮ ಹರಿದಾರಿಯೂ ಹಾಗೆಯೇ. ಲೆಕ್ಕಕ್ಕೆ ಸುಮಾರು ಮೂರು ಮೈಲಿ ಎನ್ನುತ್ತಾರೆ. ನಮ್ಮ ಅಜ್ಜಿಯ ತವರೂರು ಹೋಗುವಾಗ ಎರಡು ಹರಿದಾರಿ, ಬರುವಾಗ ಮೂರು. ಏಕೆಂದರೆ ಬರುವ ದಾರಿ ಏರು. ಕಾಲು ಹೇಳುವ ಲೆಕ್ಕ ಅದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಂಪಣಿಯವರಿಗೆ ಕಾಲಿನ ಲೆಕ್ಕ ಸಾಲದಾಯಿತು. ಗೆದ್ದ ನಾಡು ಎಷ್ಟು ಅಗಲ, ಎಷ್ಟು ಉದ್ದ ಎಂಬುದು ಅವರಿಗೆ ಗೊತ್ತಿರಲಿಲ್ಲ. ಮದರಾಸಿನಿಂದ ಇಬ್ಬರು ಹೊರಟರು. ವಿಲಿಯಂ ಲ್ಯಾಂಬ್ಟನ್ ನೆಲದ ಮೇಲೆ ತ್ರಿಕೋನಗಳನ್ನು ಹೂಡಿ ಅಳೆಯುವವರು. ಕಾಲಿನ್ ಮೆಕೆಂಜಿ ಊರೂರು ಅಲೆದು ಕೆರೆ, ಕೋಟೆ, ದಾರಿಗಳನ್ನು ಬರೆದುಕೊಳ್ಳುವವರು. ಇವರ ಕೈಕೆಳಗೆ ದುಡಿದವರಲ್ಲಿ ಮದರಾಸಿನಲ್ಲಿ 1794ರಲ್ಲಿ ತೆರೆದ ಸರ್ವೆ ಶಾಲೆಯ ಹುಡುಗರಿದ್ದರು. ಅನಾಥಾಲಯದಿಂದ ಆಯ್ದ ಮಕ್ಕಳು ಅವರು. ನಕ್ಷೆಯ ಮೂಲೆಯಲ್ಲಿ ಅಧಿಕಾರಿಯ ಹೆಸರಿರುತ್ತದೆ, ಸರಪಣಿ ಎಳೆದವನ ಹೆಸರಿರುವುದಿಲ್ಲ.

ಲ್ಯಾಂಬ್ಟನ್ನರು 1802ರ ಏಪ್ರಿಲ್ 10ರಂದು ಪರಂಗಿಮಲೆಯ ಬಯಲಿನಲ್ಲಿ ಆರಂಭಿಸಿ ಮೇ 22ರವರೆಗೆ ಒಂದೇ ಒಂದು ಗೆರೆಯನ್ನು ಅಳೆದರು. ಉದ್ದ ಏಳೂವರೆ ಮೈಲಿ. ಬಳಸಿದ್ದು 100 ಅಡಿಯ ಉಕ್ಕಿನ ಸರಪಣಿ. ಅದನ್ನು ನಾನೂರು ಸಲ ಹಾಸಬೇಕು, ಎತ್ತಬೇಕು. ಚೆನ್ನೈಯ ಏಪ್ರಿಲ್-ಮೇ ಬಿಸಿಲನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದ್ದರಿಂದ ಪ್ರತಿ ಸಲವೂ ಉಷ್ಣಮಾಪಕ ನೋಡಿ ಲೆಕ್ಕವನ್ನು ತಿದ್ದಬೇಕು. ಇಷ್ಟೆಲ್ಲ ಮಾಡಿದ್ದು ಏತಕ್ಕೆಂದರೆ, ತ್ರಿಕೋನದ ಒಂದು ಬದಿ ಸರಿಯಾಗಿ ಗೊತ್ತಾದರೆ ಮಿಕ್ಕ ಬದಿಗಳನ್ನು ನೆಲದಲ್ಲಿ ಎಳೆದು ನೋಡಬೇಕಿಲ್ಲ, ಕೋನಗಳನ್ನು ಅಳೆದರೆ ಸಾಕು. ಗುಡ್ಡದಿಂದ ಗುಡ್ಡಕ್ಕೆ ಕಣ್ಣು ಹಾಯಿಸುತ್ತ ಪಡುವಣಕ್ಕೆ ನಡೆಯಬಹುದು. ಕೋನ ಅಳೆಯುವ ಥಿಯೋಡೊಲೈಟ್ ಯಂತ್ರ ಸುಮಾರು ಅರ್ಧ ಟನ್ ತೂಕದ್ದು. ಲಂಡನ್ನಿನಿಂದ ಬರುವಾಗ ಫ್ರೆಂಚರು ಆ ಹಡಗನ್ನೇ ಹಿಡಿದು ಮಾರಿಷಸ್ಸಿಗೆ ಒಯ್ದರು. ಯಂತ್ರದ ಉದ್ದೇಶ ತಿಳಿದ ಮೇಲೆ ಸೌಜನ್ಯದಿಂದ ಮದರಾಸಿಗೆ ಕಳುಹಿಸಿಕೊಟ್ಟರು. ಹಗೆತನದ ಕಾಲದಲ್ಲಿಯೂ ಇಂಥದೊಂದು ನಡೆಯಿತು!

1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ಗೆರೆಯನ್ನು ಸರಪಣಿಯಿಂದಲೇ ಅಳೆದು ತಾಳೆ ನೋಡಿದರು. ಮದರಾಸಿನಿಂದ ಕಟ್ಟಿಕೊಂಡು ಬಂದ ಲೆಕ್ಕಕ್ಕೂ ನೆಲದ ಅಳತೆಗೂ ಬಂದ ವ್ಯತ್ಯಾಸ 3.7 ಅಂಗುಲ. ದಿನದ ಕೊನೆಗೆ ನಗದು ತಾಳೆಯಾಗದೆ ಹತ್ತು ರೂಪಾಯಿಗಾಗಿ ರಾತ್ರಿಯವರೆಗೆ ಕುಳಿತ ನನ್ನಂಥವನಿಗೆ ಈ 3.7 ಅಂಗುಲದ ಬೆಲೆ ಗೊತ್ತು. ಮುಂದೆ ಮಂಗಳೂರಿನ ಕಡಲು ಮುಟ್ಟಿದಾಗ ತಿಳಿದದ್ದೇನು? ಹಿಂದಿನ ನಕ್ಷೆಗಳಲ್ಲಿ ಮದರಾಸಿಗೂ ಮಂಗಳೂರಿಗೂ ನೇರವಾಗಿ ಸುಮಾರು 400 ಮೈಲಿ ಇತ್ತು. ನಿಜವಾಗಿ ಇರುವುದು ಸುಮಾರು 360. ಕಾಗದದ ಮೇಲಿದ್ದ ನಲವತ್ತು ಮೈಲಿ ನೆಲ ಇಲ್ಲವೇ ಇಲ್ಲ!

ಇಷ್ಟು ಖರ್ಚು ಏಕೆಂದು ಮದರಾಸಿನ ಹಣಕಾಸಿನ ಅಧಿಕಾರಿಯೊಬ್ಬರು ತಕರಾರು ತೆಗೆದಿದ್ದರಂತೆ: ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರ ಮುಖ್ಯನಿಗೆ ಹೇಳಿದರಾಯಿತು, ನಕ್ಷೆಯ ಹಂಗಿಲ್ಲದೆ ಅವನು ಮುಟ್ಟಿಸುತ್ತಾನೆ ಎಂದು. ನಾನು ಈ ಅಧಿಕಾರಿಯನ್ನು ಪೂರ್ತಿ ತಳ್ಳಿಹಾಕಲಾರೆ. 1800ರ ಏಪ್ರಿಲ್ 23ರಂದು ಮದರಾಸು ಬಿಟ್ಟ ಫ್ರಾನ್ಸಿಸ್ ಬುಕಾನನ್ನರು ಕಂಚಿ, ಆರ್ಕಾಟು, ವೇಲೂರು, ವೆಂಕಟಗಿರಿ, ಬೇತಮಂಗಲಗಳ ಮೇಲೆ ಮೈಸೂರು ಸೀಮೆಯನ್ನು ಹೊಕ್ಕದ್ದು ಜನ ನಡೆದು ಸವೆಸಿದ ದಾರಿಯಲ್ಲಿಯೇ. ದಾರಿ ಬಲ್ಲವರು ಅವರು. ದೂರ ಬಲ್ಲವರು ಇವರು.

ಮೆಕೆಂಜಿಯವರ ಕೆಲಸದಲ್ಲಿ ಈ ಎರಡೂ ಕೂಡಿದವು. ಸುಮಾರು 40,000 ಚದರ ಮೈಲಿ ಸರ್ವೆ ಮಾಡುತ್ತ, ಪ್ರತಿ ಊರಿನಲ್ಲಿಯೂ ಶಾನುಭೋಗರನ್ನು, ಮಠದವರನ್ನು ಕೇಳಿ ಊರಿನ ಪೂರ್ವೋತ್ತರವನ್ನು ಬರೆಸಿದರು. ಅವೇ ಕೈಫಿಯತ್ತುಗಳು. ಏಲೂರಿನ ಕಾವಲಿ ವೆಂಕಟ ಬೊರ್ರಯ್ಯನವರು ಕಲ್ಲಿನ ಮೇಲಿನ ಹಳಗನ್ನಡ ಅಕ್ಷರಗಳನ್ನು ಓದಿಕೊಟ್ಟರು. 1803ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರೂ ಆ ಬಳಗದವರು. ಮಲೆಯೂರಿನವರೇ ಆದ ದೇವಚಂದ್ರನ ‘ರಾಜಾವಳಿ ಕಥೆ’ಗೂ ಮೆಕೆಂಜಿಯವರ ಪ್ರೇರಣೆಯುಂಟು.

ಮೆಕೆಂಜಿಯವರು 1821ರಲ್ಲಿ ತೀರಿಕೊಂಡ ಮೇಲೆ ದಕ್ಷಿಣದ ಭಾಷೆಗಳ ಕಾಗದಗಳಲ್ಲಿ ಬಹುಭಾಗ ಮದರಾಸಿಗೆ ಬಂದಿತು. ಇಂದಿಗೂ ಚೆನ್ನೈಯ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿದೆ. ಎಂ. ಎಂ. ಕಲಬುರ್ಗಿಯವರು ಕನ್ನಡ ಕೈಫಿಯತ್ತುಗಳನ್ನು ಸಂಪಾದಿಸಿ ಅಚ್ಚು ಮಾಡಿಸಿ ದೊಡ್ಡ ಉಪಕಾರ ಮಾಡಿದರು. ಆದರೂ ಆ ಹಳೆಯ ಬರಹವನ್ನು ಮೂಲದಲ್ಲಿ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಸಂಘದ ಹಿರಿಯರಲ್ಲಿ ಶಾನುಭೋಗಿಕೆಯ ಮನೆತನದವರು ಕೆಲವರಿದ್ದಾರೆ, ಮನೆಯ ಹಳೆಯ ಕಡತಗಳನ್ನು ಓದಿ ಅಭ್ಯಾಸವುಳ್ಳವರು. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಅವರು ನಮಗೆ ಆ ಬರಹವನ್ನು ಕಲಿಸಬೇಕೆಂದು ಕಾರ್ಯದರ್ಶಿಗಳಲ್ಲಿ ಅರಿಕೆ ಮಾಡಿಕೊಂಡಿದ್ದೇನೆ. ಇದುವರೆಗೆ ನಾಲ್ವರು ಹೆಸರು ಕೊಟ್ಟಿದ್ದಾರೆ. ಐದನೆಯದು ನನ್ನ ಮಗಳದು.