ನಲವತ್ತರ ನಂತರ ಒಣಗಿ ಕೆದರುವ ಕೂದಲು: ಏಕೆ ಹೀಗೆ, ಏನು ಮಾಡಬೇಕು, ರಕ್ತ ಪರೀಕ್ಷೆ ಯಾವಾಗ ಬೇಕು?

ಒಂದು ಕಾಲಕ್ಕೆ ನಾಲ್ಕು ಹನಿ ಎಣ್ಣೆ ಹಚ್ಚಿ ಬಾಚಿದರೆ ಹೇಳಿದ ಹಾಗೆ ಕೂರುತ್ತಿದ್ದ ಕೂದಲು ನಲವತ್ತು ದಾಟಿದ ಮೇಲೆ ಮಾತು ಕೇಳುವುದಿಲ್ಲ. ಬೈತಲೆಯ ಅಕ್ಕಪಕ್ಕ ಪುಟ್ಟ ಕೂದಲುಗಳು ತಂತಿಯಂತೆ ಎದ್ದು ನಿಲ್ಲುತ್ತವೆ. ಜಡೆಯ ತುದಿ ತೆಂಗಿನ ನಾರಿನಂತೆ ಒರಟಾಗುತ್ತದೆ. ಮೊದಲು ಶಾಂಪೂ ಬದಲಾಯಿಸುತ್ತೇವೆ, ಆಮೇಲೆ ಎಣ್ಣೆ, ಆಮೇಲೆ ಪಾರ್ಲರಿನಲ್ಲಿ ಹೇಳಿದ ಕೆರಟಿನ್ ಚಿಕಿತ್ಸೆ, ಕೊನೆಗೆ ಯಾರೋ ಹೇಳಿದರೆಂದು ಬಯೋಟಿನ್ ಮಾತ್ರೆ.

ಈ ವಯಸ್ಸಿನಲ್ಲಿ ಕೂದಲು ಒಣಗುವುದು ಬಹುಪಾಲು ಸಹಜ. ಆರೈಕೆಯ ಕ್ರಮವನ್ನು ಸ್ವಲ್ಪ ಬದಲಿಸಿದರೆ ಹತೋಟಿಗೆ ಬರುತ್ತದೆ. ಆದರೆ ಕೆಲವರಲ್ಲಿ ಅದು ಥೈರಾಯ್ಡ್ ಕೊರತೆಯ ಸುಳಿವಾಗಿರುತ್ತದೆ. ಕೂದಲಿಗೆಂದು ನುಂಗುವ ಮಾತ್ರೆಯೇ ಆ ಕೊರತೆಯನ್ನು ರಕ್ತ ಪರೀಕ್ಷೆಯ ಕಣ್ಣಿನಿಂದ ಮರೆಮಾಡುವುದೂ ಉಂಟು. ಎರಡನ್ನೂ ಇಲ್ಲಿ ನೋಡೋಣ.

ವಯಸ್ಸಾದಂತೆ ಕೂದಲಿಗೆ ಏನಾಗುತ್ತದೆ?

ನೆತ್ತಿಯ ಚರ್ಮದಿಂದ ಹೊರಗೆ ಕಾಣುವ ಕೂದಲಿಗೆ ಜೀವವಿಲ್ಲ. ಅದು ಕೆರಟಿನ್ ಎಂಬ ಪ್ರೋಟೀನಿನ ಎಳೆ. ಅದರ ಹೊರಮೈಯಲ್ಲಿ ಮನೆಯ ಹೆಂಚಿನಂತೆ ಒಂದರ ಮೇಲೊಂದು ಕೂತ ತೆಳುವಾದ ಹಲ್ಲೆಗಳಿರುತ್ತವೆ. ಅವುಗಳ ಮೇಲೆ ಜಿಡ್ಡಿನ ಅತಿ ತೆಳುವಾದ ಪದರವೊಂದಿರುತ್ತದೆ. ಹೆಂಚು ಸರಿಯಾಗಿ ಮುಚ್ಚಿಕೊಂಡಿದ್ದರೆ ಕೂದಲು ಹೊಳೆಯುತ್ತದೆ, ಒಂದಕ್ಕೊಂದು ಜಾರುತ್ತದೆ. ಹೆಂಚು ಎದ್ದರೆ ಅಥವಾ ಮುರಿದರೆ ಗಾಳಿಯ ತೇವ ಒಳಗೆ ನುಗ್ಗುತ್ತದೆ. ಆಗ ಕೂದಲು ಉಬ್ಬುತ್ತದೆ, ಬಾಗುತ್ತದೆ, ಪಕ್ಕದ ಕೂದಲಿಗೆ ಸಿಕ್ಕಿಕೊಳ್ಳುತ್ತದೆ. ನಾವು ಕೆದರಿದ ಕೂದಲು ಎನ್ನುವುದು ಇದನ್ನೇ.

ಭಾರತದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46–47, ಪಶ್ಚಿಮದ ದೇಶಗಳಿಗಿಂತ ನಾಲ್ಕೈದು ವರ್ಷ ಮುಂಚೆ. ಅದಕ್ಕೂ ಕೆಲವು ವರ್ಷ ಮೊದಲೇ ಹಾರ್ಮೋನುಗಳ ಏರಿಳಿತ ಶುರುವಾಗಿರುತ್ತದೆ. ನೆತ್ತಿಯ ಎಣ್ಣೆ ಗ್ರಂಥಿಗಳು ನಿಧಾನವಾಗಿ ಸೊರಗುತ್ತವೆ. ಹೊಸದಾಗಿ ಬರುವ ಕೂದಲು ಮೊದಲಿಗಿಂತ ಸಣ್ಣಗಿರಬಹುದು, ಹೆಚ್ಚು ಬಾಗಿರಬಹುದು. ಬಿಳಿ ಕೂದಲಂತೂ ಹಲವರಲ್ಲಿ ಒರಟು. ಒಂದೇ ತಲೆಯಲ್ಲಿ ಎರಡು ಮೂರು ಬಗೆಯ ಕೂದಲು ಕೂಡಿಕೊಂಡಾಗ ಎಲ್ಲವೂ ಒಂದೇ ಕಡೆ ತಿರುಗಿ ಕೂರುವುದಿಲ್ಲ.

ಇನ್ನೊಂದು ಲೆಕ್ಕ ಇಡಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಸೊಂಟಕ್ಕೆ ತಾಗುವ 60 ಸೆಂಟಿಮೀಟರ್ ಜಡೆಯ ತುದಿಗೆ ಐದು ವರ್ಷ ವಯಸ್ಸು. ಐದು ವರ್ಷದ ಬಿಸಿಲು, ಸೋಪು, ಬಣ್ಣ, ಬಾಚಣಿಗೆ ಎಲ್ಲವನ್ನೂ ಅದು ಕಂಡಿದೆ. ಮುರಿದ ಹೆಂಚನ್ನು ಯಾವ ಸೀರಮ್ಮೂ ಮತ್ತೆ ಬೆಳೆಸುವುದಿಲ್ಲ. ಮುಚ್ಚಬಹುದು, ಮತ್ತಷ್ಟು ಮುರಿಯದಂತೆ ತಡೆಯಬಹುದು, ತುದಿ ಕತ್ತರಿಸಬಹುದು. ಬಾಟಲಿಯ ಮೇಲೆ ‘ರಿಪೇರಿ’ ಎಂದು ಬರೆದಿದ್ದರೆ ಅದನ್ನು ‘ಮುಚ್ಚುತ್ತದೆ’ ಎಂದು ಓದಿಕೊಳ್ಳಿ.

ಊರು ಬದಲಾದರೆ ಕೂದಲೂ ಬದಲಾಗುತ್ತದೆ

‘ಧಾರವಾಡದಲ್ಲಿ ಇದ್ದಾಗ ಚೆನ್ನಾಗಿತ್ತು, ಇಲ್ಲಿಗೆ ಬಂದ ಮೇಲೆ ಹೀಗಾಯಿತು’ ಎನ್ನುವವರ ಮಾತಿನಲ್ಲಿ ಸತ್ಯವಿದೆ. ಆದರೆ ಕಾರಣ ಊರಿಂದೂರಿಗೆ ಬೇರೆ. ಮುಂಬೈಗೆ ಭಾತಸಾ, ವೈತರಣಾ, ತಾನ್ಸಾ ಮುಂತಾದ ಜಲಾಶಯಗಳಿಂದ ಬರುವ ನಲ್ಲಿ ನೀರು ಮೆದುವಾದದ್ದು. ಅಲ್ಲಿನ ತೊಂದರೆ ಗಾಳಿಯ ತೇವ, ಜೂನ್‌ನಿಂದ ಸೆಪ್ಟೆಂಬರ್‌ವರೆಗಂತೂ ಕೇಳುವುದೇ ಬೇಡ. ದೆಹಲಿಯ ಚಳಿಗಾಲದಲ್ಲಿ ಇದಕ್ಕೆ ತಿರುಗುಮುರುಗು: ಒಣ ಗಾಳಿ, ಹೀಟರ್, ಗೀಸರಿನ ಸುಡುನೀರು. ಚೆನ್ನೈ ಮತ್ತು ಹೈದರಾಬಾದಿನ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ, ಪುಣೆಯ ಹೊರವಲಯದ ಸೊಸೈಟಿಗಳಲ್ಲಿ, ಬರುವುದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು. ಅದು ಹೆಚ್ಚಾಗಿ ಗಡಸು.

ಗಡಸು ನೀರನ್ನು ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ನಲ್ಲಿಯ ಮೂತಿಗೆ, ಬಕೆಟ್ಟಿನ ಅಂಚಿಗೆ ಬಿಳಿ ಪುಡಿ ಕಟ್ಟುತ್ತದೆ, ಸೋಪು ನೊರೆ ಬರುವುದಿಲ್ಲ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಕೂತು ಮುಟ್ಟಿದರೆ ಒರಟೆನಿಸುತ್ತದೆ. ಗಡಸು ನೀರಿನಿಂದ ಕೂದಲು ಬುಡಸಮೇತ ಉದುರುತ್ತದೆ ಎನ್ನುವುದಕ್ಕೆ ಮಾತ್ರ ಗಟ್ಟಿ ಆಧಾರವಿಲ್ಲ. ಶವರಿಗೆ ಸಿಕ್ಕಿಸುವ ಇದ್ದಿಲಿನ ಫಿಲ್ಟರ್ ಕ್ಲೋರಿನ್ ಕಡಿಮೆ ಮಾಡುತ್ತದೆಯೇ ಹೊರತು ಗಡಸುತನವನ್ನಲ್ಲ. ಸುಲಭದ ದಾರಿ ಎಂದರೆ ಕೊನೆಯ ಎರಡು ಚೊಂಬನ್ನು ಆರ್‌ಒ ನೀರಿನಲ್ಲಿ ಹಾಕಿಕೊಳ್ಳುವುದು, ಮತ್ತು ಇಡಿಟಿಎ ಇರುವ ಶಾಂಪೂವನ್ನು ತಿಂಗಳಿಗೆ ಒಂದೆರಡು ಸಲ ಬಳಸುವುದು.

ಎಣ್ಣೆ: ಯಾವಾಗ, ಎಲ್ಲಿಗೆ

ನಮ್ಮಲ್ಲಿ ಒಣ ಕೂದಲಿಗೆ ಮೊದಲ ಮದ್ದು ಎಣ್ಣೆ, ಅದು ತಪ್ಪೂ ಅಲ್ಲ. 2003ರಲ್ಲಿ ಮುಂಬೈಯ ಸಂಶೋಧಕರು ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಎಣ್ಣೆಯನ್ನು ಹೋಲಿಸಿ ನೋಡಿದರು. ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು, ಕೂದಲೊಳಗೆ ಇಳಿಯುತ್ತದೆ. (ಅಧ್ಯಯನ ನಡೆದದ್ದು ಕೊಬ್ಬರಿ ಎಣ್ಣೆ ಮಾರುವ ಕಂಪನಿಯದೇ ಪ್ರಯೋಗಾಲಯದಲ್ಲಿ ಎಂಬುದೂ ನೆನಪಿರಲಿ.)

ಎಣ್ಣೆಯ ಕೆಲಸ ತಲೆಸ್ನಾನಕ್ಕೆ ಮುಂಚೆ. ಒಂದೆರಡು ಗಂಟೆ ಮೊದಲು ಕೂದಲಿನ ನಡುವಿನಿಂದ ತುದಿಯವರೆಗೆ ಹಚ್ಚಿದರೆ ನೀರು ಕುಡಿದು ಉಬ್ಬುವುದು ಕಡಿಮೆಯಾಗುತ್ತದೆ. ನೆತ್ತಿಗೆ ಸುರಿದು ತಟ್ಟುವುದು ಹಿತ ಕೊಡುತ್ತದೆ, ನಿಜ. ಆದರೆ ತಲೆಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಾಕದಿರುವುದೇ ಒಳ್ಳೆಯದು, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಎಣ್ಣೆಯೇ ಆಹಾರ. ಹರಳೆಣ್ಣೆಯ ಬಗ್ಗೆ ಒಂದು ಎಚ್ಚರಿಕೆ: ಅದು ಬಹಳ ಅಂಟು. ಉದ್ದ ಕೂದಲಿಗೆ ಹರಳೆಣ್ಣೆ ಹಚ್ಚಿ ತೊಳೆದಾಗ ಕೂದಲೆಲ್ಲ ಬಿಡಿಸಲಾಗದ ಮುದ್ದೆಯಾಗಿ, ಕತ್ತರಿಸದೆ ಬೇರೆ ದಾರಿಯಿಲ್ಲದ ಪ್ರಕರಣ ನಮ್ಮ ದೇಶದ ವೈದ್ಯಕೀಯ ಪತ್ರಿಕೆಯಲ್ಲೇ ವರದಿಯಾಗಿದೆ.

ತೊಳೆಯುವುದು, ಒಣಗಿಸುವುದು

ಮೈಸೋಪನ್ನು ತಲೆಗೆ ಹಾಕಬೇಡಿ. ಅದು ಕ್ಷಾರ, ಹೆಂಚನ್ನು ಎಬ್ಬಿಸುತ್ತದೆ. ಗಡಸು ನೀರಿನಲ್ಲಿ ಅಂಟಂಟಾದ ಕೊಳೆಯನ್ನೂ ಬಿಡುತ್ತದೆ. ಸೀಗೆಪುಡಿ ಆಮ್ಲದ ಕಡೆಗಿದೆ, ಹಾಗಾಗಿ ಒಳ್ಳೆಯದೇ. ಆದರೆ ತರಿತರಿ ಪುಡಿಯನ್ನು ತಿಕ್ಕಿದರೆ ಒಣಗಿದ ಕೂದಲು ಸವೆಯುತ್ತದೆ. ನೆನೆಸಿ ಕುದಿಸಿ ಸೋಸಿದ ನೀರು ಬಳಸಿ. ದಾಸವಾಳದ ಎಲೆ, ನೆನೆಸಿ ರುಬ್ಬಿದ ಮೆಂತ್ಯ ಇವುಗಳ ಲೋಳೆ ಕೂದಲಿಗೆ ಜಾರುವ ಗುಣ ಕೊಡುತ್ತದೆ. ನಮ್ಮ ಅಜ್ಜಿಯರ ಕಂಡೀಷನರ್ ಅದು. ಇದಕ್ಕೆಲ್ಲ ಸಮಯವಿಲ್ಲದವರಿಗೆ ಸಾಧಾರಣ ಬೆಲೆಯ ಕಂಡೀಷನರ್ ಧಾರಾಳ ಸಾಕು. ಹಾಳಾದ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ, ಕಂಡೀಷನರಿನಲ್ಲಿ ಧನ ವಿದ್ಯುದಂಶ. ಹೀಗಾಗಿ ಎಲ್ಲಿ ಹೆಚ್ಚು ಹಾಳಾಗಿದೆಯೋ ಅಲ್ಲೇ ಹೆಚ್ಚು ಅಂಟಿಕೊಳ್ಳುತ್ತದೆ. ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ವಾರಕ್ಕೆ ಎರಡು ಸಲ ತಲೆಸ್ನಾನ ಹೆಚ್ಚಿನವರಿಗೆ ಸಾಕು, ಲೋಕಲ್ ಟ್ರೈನಿನಲ್ಲಿ ದಿನಾ ಬೆವರುವವರಿಗೆ ಮೂರು ಬೇಕಾಗಬಹುದು. ನೀರು ಉಗುರುಬೆಚ್ಚಗಿರಲಿ.

ಒದ್ದೆ ಕೂದಲು ಒಣಗಿದ ಕೂದಲಿಗಿಂತ ದುರ್ಬಲ. ಟವೆಲ್ಲಿನಲ್ಲಿ ತಿಕ್ಕದೆ ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ನೀರು ಹಿಂಗಿಸಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಆಮೇಲೆ ಮೇಲಕ್ಕೆ ಹೋಗಿ. ಒದ್ದೆಯಿರುವಾಗಲೇ ಬಿಗಿಯಾಗಿ ತುರುಬು ಕಟ್ಟಿ ಆಫೀಸಿಗೆ ಓಡುವ ಅಭ್ಯಾಸ ನಮ್ಮಲ್ಲಿ ಬಹಳ. ಬೈತಲೆಯ ಬಳಿ ಮುರಿದ ತುಂಡು ಕೂದಲಿಗೆ ಅದೂ ಒಂದು ಕಾರಣ. ಮುಂಬೈ, ಚೆನ್ನೈಯಂಥ ಕಡೆ ತೇವ ತಡೆಯಲು ಡೈಮೆಥಿಕೋನ್ ಇರುವ ಸೀರಮ್ ಎರಡು ಹನಿ ಸಾಕು.

ಬಣ್ಣ ಮತ್ತು ಮೆಹಂದಿ

ಅಮೋನಿಯಾ, ಪೆರಾಕ್ಸೈಡ್ ಇರುವ ಬಣ್ಣ ಒಳಗೆ ಹೋಗಬೇಕೆಂದರೆ ಹೆಂಚು ತೆರೆಯಲೇಬೇಕು. ಮೂರು ವಾರಕ್ಕೊಮ್ಮೆ ಇಡೀ ಜಡೆಗೆ ಬಳಿಯುವ ಬದಲು ಹೊಸದಾಗಿ ಬಂದ ಬುಡಕ್ಕಷ್ಟೇ ಹಚ್ಚಿ. ಮೆಹಂದಿ ಹಾನಿಕರವಲ್ಲ, ಆದರೆ ತಿಂಗಳು ತಿಂಗಳು ಹಚ್ಚಿದರೆ ಕೂದಲು ಬಿರುಸಾಗುತ್ತದೆ. ಇನ್ನು ‘ಕಪ್ಪು ಮೆಹಂದಿ’ ಎಂಬ ಪ್ಯಾಕೆಟ್: ಶುದ್ಧ ಮೆಹಂದಿ ಕೊಡುವುದು ಕೆಂಪು-ಕಿತ್ತಳೆ ಬಣ್ಣ. ಅರ್ಧ ಗಂಟೆಯಲ್ಲಿ ಕಡುಗಪ್ಪು ಬಂದರೆ ಅದರಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುವ ಸಾಧ್ಯತೆ ಹೆಚ್ಚು. ಇದು ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ. ವರ್ಷಗಟ್ಟಲೆ ಏನೂ ಆಗದವರಿಗೂ ಒಂದು ದಿನ ಆಗಬಹುದು. ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯಿರಿ.

ಪಾರ್ಲರಿನ ಕೆರಟಿನ್ ಚಿಕಿತ್ಸೆ

ಹೆಸರು ಕೆರಟಿನ್ ಆದರೂ ಕೂದಲನ್ನು ನೇರವಾಗಿ ಹಿಡಿದಿಡುವುದು ಬೇರೆ ರಾಸಾಯನಿಕ. ಹಳೆಯ ಮಾದರಿಯಲ್ಲಿ ಅದು ಫಾರ್ಮಾಲ್ಡಿಹೈಡ್, ಅಥವಾ ಬಿಸಿಮಾಡಿದಾಗ ಅದನ್ನು ಬಿಡುಗಡೆ ಮಾಡುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಕಣ್ಣು ಉರಿದು ಗಂಟಲು ಹಿಡಿಯುತ್ತಿದ್ದರೆ ಕಾರಣ ಇದೇ ಇರಬಹುದು. ದಿನವಿಡೀ ಅದನ್ನು ಉಸಿರಾಡುವ ಪಾರ್ಲರಿನ ಹುಡುಗಿಯ ಪಾಡು ಇನ್ನೂ ಕಷ್ಟ.

‘ಫಾರ್ಮಾಲ್ಡಿಹೈಡ್ ಇಲ್ಲ’ ಎಂಬ ಹೊಸ ಮಾದರಿಗಳಲ್ಲಿ ಹಲವು ಗ್ಲೈಆಕ್ಸಿಲಿಕ್ ಆಮ್ಲದ್ದು. 2024ರ ಮಾರ್ಚ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಬ್ಬ 26 ವರ್ಷದ ಮಹಿಳೆಯ ವಿಷಯ ಪ್ರಕಟವಾಯಿತು. ಮೂರು ಸಲ ಕೂದಲು ನೇರ ಮಾಡಿಸಿಕೊಂಡಾಗಲೂ ಆಕೆಯ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿತ್ತು. ಈ ಆಮ್ಲ ನೆತ್ತಿಯ ಚರ್ಮದ ಮೂಲಕ ಒಳಸೇರಿ ಆಕ್ಸಲೇಟ್ ಹರಳುಗಳಾಗಿ ಮೂತ್ರಪಿಂಡದಲ್ಲಿ ಕೂರುತ್ತದೆ ಎಂಬುದನ್ನು ಇಲಿಗಳ ಮೇಲಿನ ಪ್ರಯೋಗ ಬೆಂಬಲಿಸಿತು. ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಮಧುಮೇಹ, ರಕ್ತದೊತ್ತಡ ಇರುವ ಐವತ್ತರ ಹೆಣ್ಣುಮಗಳು ಮದುವೆಮನೆಗೆಂದು ಇದನ್ನು ಮಾಡಿಸಿಕೊಳ್ಳದಿರುವುದೇ ಜಾಣತನ. ಮಾಡಿಸಿದ ದಿನ ನೆತ್ತಿ ಉರಿದು, ವಾಂತಿ, ಜ್ವರ, ಬೆನ್ನುನೋವು ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ, ಯಾವ ಚಿಕಿತ್ಸೆ ಮಾಡಿಸಿದ್ದೆಂದು ವೈದ್ಯರಿಗೆ ಹೇಳಿ.

ಒಣ ಕೂದಲಿನ ಹಿಂದೆ ಥೈರಾಯ್ಡ್ ಇದೆಯೇ?

ದಣಿವು, ತೂಕ ಏರುವುದು, ಮಲಬದ್ಧತೆ, ಮುಟ್ಟಿನ ಏರುಪೇರು, ಮಂಕು, ಒಣ ಚರ್ಮ, ಒಣ ಕೂದಲು. ಇವೆಲ್ಲ ಮುಟ್ಟು ನಿಲ್ಲುವ ಕಾಲದಲ್ಲೂ ಬರುತ್ತವೆ, ಥೈರಾಯ್ಡ್ ಹಾರ್ಮೋನ್ ಕೊರತೆಯಲ್ಲೂ ಬರುತ್ತವೆ. ‘ವಯಸ್ಸಾಯಿತಲ್ಲ’ ಎಂದು ಮನೆಯವರೂ ನಾವೂ ಸುಮ್ಮನಾಗುವುದು ಇಲ್ಲೇ. 2013ರಲ್ಲಿ ಪ್ರಕಟವಾದ, ಬೆಂಗಳೂರು, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿ ಸೇರಿ ಎಂಟು ನಗರಗಳ ಅಧ್ಯಯನದಲ್ಲಿ ವಯಸ್ಕರಲ್ಲಿ ಸುಮಾರು 11% ಮಂದಿಗೆ ಈ ಕೊರತೆ ಇತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹುಬ್ಬಿನ ಹೊರಗಿನ ಮೂರನೇ ಒಂದು ಭಾಗ ತೆಳುವಾಗುವುದು, ಉಳಿದವರು ಫ್ಯಾನ್ ಕೇಳುವಾಗ ನಮಗೆ ಮಾತ್ರ ಚಳಿಯಾಗುವುದು, ದನಿ ದಪ್ಪವಾಗುವುದು ಇವೆಲ್ಲ ಥೈರಾಯ್ಡಿನ ಕಡೆ ಬೆರಳು ತೋರಿಸುತ್ತವೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಹೆಚ್ಚು ಸ್ರಾವವಾಗುತ್ತಿದ್ದರೆ ಕಬ್ಬಿಣದ ಕೊರತೆಯೂ ಇರಬಹುದು. ಟಿಎಸ್‌ಎಚ್, ಹಿಮೋಗ್ಲೋಬಿನ್ ಮತ್ತು ಫೆರಿಟಿನ್, ಈ ಮೂರು ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ.

ಪರೀಕ್ಷೆಗೆ ಮುಂಚೆ ಬಯೋಟಿನ್ ವಿಷಯ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಊಟದಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ‘ಕೂದಲ ಮಾತ್ರೆ’ ಎಷ್ಟೋ ಸಲ 10 ಮಿಲಿಗ್ರಾಂ, ಅಂದರೆ ಮುನ್ನೂರು ಪಟ್ಟಿಗೂ ಮೇಲೆ. ಕೊರತೆ ಇಲ್ಲದವರಿಗೆ ಇದರಿಂದ ಕೂದಲು ಸುಧಾರಿಸುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ತೊಂದರೆಯಂತೂ ಇದೆ. ಹಲವು ಪ್ರಯೋಗಾಲಯಗಳ ಯಂತ್ರಗಳು ಹಾರ್ಮೋನ್ ಅಳೆಯಲು ಬಯೋಟಿನನ್ನೇ ಕೊಂಡಿಯಾಗಿ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಲೆಕ್ಕ ತಪ್ಪುತ್ತದೆ: ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಹೆಚ್ಚು ಕಾಣಬಹುದು. ನಿಜವಾಗಿ ಕೊರತೆ ಇರುವ ಹೆಂಗಸಿನ ವರದಿ ‘ನಾರ್ಮಲ್’ ಎಂದು ಬರುತ್ತದೆ, ಆಕೆ ಮತ್ತೊಂದು ಡಬ್ಬಿ ಮಾತ್ರೆ ತರಿಸಿಕೊಳ್ಳುತ್ತಾಳೆ. ಹೃದಯಾಘಾತ ಪತ್ತೆಯ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಬಹುದೆಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಬಯೋಟಿನ್ ನಿಲ್ಲಿಸಿ. ‘ವಿಟಮಿನ್’ ಎಂದಷ್ಟೇ ಬರೆದ ಡಬ್ಬಿಯ ಹಿಂಬದಿಯನ್ನೂ ಓದಿ. ತುರ್ತಿನಲ್ಲಿ ಆಸ್ಪತ್ರೆಗೆ ಹೋದರೆ ಈ ಮಾತ್ರೆಯ ಹೆಸರನ್ನೂ ಹೇಳಿ.

ಕೊರತೆ ಪತ್ತೆಯಾಗಿ ಥೈರಾಕ್ಸಿನ್ ಶುರುವಾದರೆ ಅದನ್ನು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಳ್ಳಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಅದನ್ನು ಹೀರಿಕೊಳ್ಳಲು ಬಿಡುವುದಿಲ್ಲ, ನಾಲ್ಕು ಗಂಟೆಯ ಅಂತರ ಇರಲಿ. ಟಿಎಸ್‌ಎಚ್ ಸರಿಹೋದ ಮರುವಾರವೇ ಜಡೆ ಮೆದುವಾಗುವುದಿಲ್ಲ. ಈಗಾಗಲೇ ಬೆಳೆದ ಕೂದಲು ಇದ್ದಂತೆಯೇ ಇರುತ್ತದೆ, ಹೊಸದು ತಿಂಗಳಿಗೆ 1 ಸೆಂಟಿಮೀಟರಿನಂತೆ ಬರಬೇಕು. ಆರು ತಿಂಗಳ ಹೊತ್ತಿಗೆ ಬೈತಲೆಯ ಬಳಿ ಬೆರಳಿಟ್ಟು ನೋಡಿದರೆ ಬುಡದ ಕೂದಲಿಗೂ ತುದಿಯ ಕೂದಲಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ.