ಬಿಡಿಭಾಗ ಜೋಡಿಸಿದ ಕಂಪ್ಯೂಟರ್: ಕುರುಗೋಡಿಗೆ ಬಂದ ದಾರಿ

ಈ ಸಲ ಮೆಣಸಿನಕಾಯಿ ಬ್ಯಾಡಗಿ ಮಾರ್ಕೆಟ್‌ಗೆ ಹೋಗಿ ಬಂದ ವಾರದಲ್ಲೇ ಕುರುಗೋಡಿನ ನಮ್ಮ ಪರಿಚಯದ ಹುಡುಗನೊಬ್ಬ ಫೋನ್ ಮಾಡಿದ. ಈಗಷ್ಟೇ ಡಿಗ್ರಿ ಸೇರಿದವನು.

"ಅಣ್ಣ, ನಮ್ಮಪ್ಪ ಮೂವತ್ತೈದು ಸಾವಿರ ಕೊಡ್ತೀನಿ ಅಂದಾನ. ಅದರ ಮ್ಯಾಲೆ ಒಂದ್ ರೂಪಾಯಿ ಇಲ್ಲ. ಗೇಮ್ ಆಡೋ ಕಂಪ್ಯೂಟರ್ ಬೇಕು. ರೆಡಿ ಇರೋದು ತಗಳ್ಳೋದೋ, ಪಾರ್ಟ್ಸ್ ತಂದು ನಾನ ಜೋಡಿಸ್ಲೋ?"

ಆ ಹಣ ಎಂಥದ್ದು ಅಂತ ನಮಗೆ ಗೊತ್ತು. ಅದೇ ದುಡ್ಡಲ್ಲಿ ಬೋರಿನ ಮೋಟರ್ ರಿಪೇರಿ ಆಗಬೇಕಿತ್ತು. ಅದಕ್ಕೇ ಪಾರ್ಟ್‌ಗಳ ಹೆಸರು ಹೇಳುವ ಮೊದಲು ನಾವು ಅವನಿಗೆ ಒಂದು ಹಳೇ ಕತೆ ಹೇಳಿದೆವು. ಯಾಕೆಂದರೆ ಯಾವುದನ್ನು ಈಗ ಕೊಳ್ಳಬೇಕು, ಯಾವುದನ್ನು ಮುಂದೆ ಹಾಕಬಹುದು ಅನ್ನೋದು ಆ ಕತೆಯೊಳಗೇ ಇದೆ.

ಅವಸರದಲ್ಲಿ ಹುಟ್ಟಿದ ಯಂತ್ರ

ಬಳ್ಳಾರಿಯ ಜೀನ್ಸ್ ಹೇಗೆ ತಯಾರಾಗುತ್ತೆ ಅಂತ ನೋಡಿದವರಿಗೆ ಇದು ಬೇಗ ತಿಳಿಯುತ್ತೆ. ಬಟ್ಟೆ ಒಂದು ಕಡೆಯಿಂದ, ಜಿಪ್ ಇನ್ನೊಂದು ಕಡೆಯಿಂದ. ಕತ್ತರಿಸುವವರು ಬೇರೆ, ಹೊಲಿಯುವವರು ಬೇರೆ, ವಾಷಿಂಗ್ ಮಾಡುವವರು ಬೇರೆ. ಕೊನೆಗೆ ಒಂದು ಪ್ಯಾಂಟು.

1980ರಲ್ಲಿ ಅಮೆರಿಕದ ಐಬಿಎಂ ಕಂಪನಿ ಹೀಗೇ ಮಾಡಿತು. ಅಲ್ಲಿಯವರೆಗೆ ಅದು ತನ್ನ ದೊಡ್ಡ ಕಂಪ್ಯೂಟರ್‌ಗಳ ಬಹುಪಾಲನ್ನು ತಾನೇ ತಯಾರಿಸುತ್ತಿತ್ತು. ಮನೆಗಳಿಗೆ ಸಣ್ಣ ಕಂಪ್ಯೂಟರ್ ಮಾರುವುದರಲ್ಲಿ ಬೇರೆಯವರು ಮುಂದೆ ಹೋಗಿದ್ದರು. ಸುಮಾರು ಒಂದು ವರ್ಷದೊಳಗೆ ತಾನೂ ಒಂದು ತರಬೇಕಿತ್ತು. ಫ್ಲೋರಿಡಾದ ಬೋಕಾ ರೇಟನ್‌ನಲ್ಲಿದ್ದ ಅದರ ಸಣ್ಣ ತಂಡ ಪ್ರೊಸೆಸರ್ ಅನ್ನು ಇಂಟೆಲ್‌ನಿಂದ, ಸಾಫ್ಟ್‌ವೇರ್ ಅನ್ನು ಮೈಕ್ರೋಸಾಫ್ಟ್‌ನಿಂದ ತಂದು ಜೋಡಿಸಿತು. 1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಹೊರಬಂತು. ಅತಿ ಕಡಿಮೆ ಬೆಲೆಯ ಮಾದರಿಗೆ 1,565 ಡಾಲರ್. ಮುಂದೆ ಬೇರೆ ಕಾರ್ಡ್ ಹಾಕಿಕೊಳ್ಳಲು ಒಳಗೆ ಖಾಲಿ ಸ್ಲಾಟ್‌ಗಳನ್ನೂ ಬಿಟ್ಟಿದ್ದರು.

ಪಾರ್ಟ್‌ಗಳೆಲ್ಲ ಬೇರೆಯವರವು ಆದ್ದರಿಂದ ಯಾರು ಬೇಕಾದರೂ ಕೊಳ್ಳಬಹುದಿತ್ತು. ಐಬಿಎಂ ಕೈಯಲ್ಲಿ ಉಳಿದದ್ದು ಬಯೋಸ್, ಅಂದರೆ ಸ್ವಿಚ್ ಹಾಕಿದ ಕೂಡಲೇ ಯಂತ್ರವನ್ನು ಎಬ್ಬಿಸುವ ಸಣ್ಣ ಪ್ರೋಗ್ರಾಮ್. ಕಾಂಪ್ಯಾಕ್ ಎಂಬ ಹೊಸ ಕಂಪನಿ ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬೇರೆ ಬಯೋಸ್ ಬರೆಯಿತು. 1984ರಲ್ಲಿ ಫೀನಿಕ್ಸ್ ಎಂಬ ಕಂಪನಿ ಅಂಥದ್ದೇ ಬಯೋಸ್ ಬರೆದು ಕೇಳಿದವರಿಗೆಲ್ಲ ಮಾರಲು ಶುರು ಮಾಡಿತು. ಅಲ್ಲಿಗೆ ಬೇಲಿ ಕಿತ್ತುಹೋಯಿತು. ತೈವಾನ್‌ನ ಕಾರ್ಖಾನೆಗಳು ಮದರ್‌ಬೋರ್ಡ್ ಮಾಡಿ ಜಗತ್ತಿಗೆಲ್ಲ ಕಳಿಸಿದವು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಅಳತೆಯನ್ನು ತಂದಿತು. ಇವತ್ತು ಒಂದು ಕಂಪನಿಯ ಬೋರ್ಡು ಇನ್ನೊಂದು ಕಂಪನಿಯ ಕ್ಯಾಬಿನೆಟ್‌ಗೆ ಸ್ಕ್ರೂ ಹಿಡಿಸಿದಂತೆ ಕೂರುವುದು ಆ ಅಳತೆಯಿಂದಲೇ.

ಎಸ್.ಪಿ. ರಸ್ತೆಗೆ ಬಂತು

ನಮ್ಮ ದೇಶದಲ್ಲಿ 1984ರ ನವೆಂಬರ್‌ನ ಹೊಸ ಕಂಪ್ಯೂಟರ್ ನೀತಿ ಆಮದಿನ ಬಾಗಿಲು ಸ್ವಲ್ಪ ತೆರೆಯಿತು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. 2005ರ ಹೊತ್ತಿಗೆ ಕಂಪ್ಯೂಟರ್‌ನ ಬಹುತೇಕ ಭಾಗಗಳ ಆಮದು ಸುಂಕ ಸೊನ್ನೆಗೆ ಇಳಿಯಿತು. ಬೆಂಗಳೂರಿನ ಟೌನ್‌ಹಾಲ್ ಹತ್ತಿರದ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆ, ಕರ್ನಾಟಕದ ಬಿಡಿಭಾಗಗಳ ಸಂತೆಯಾಯಿತು. 'ಅಸೆಂಬಲ್ಡ್' ಎಂಬ ಮಾತು ಕನ್ನಡದ್ದೇ ಆಗಿಹೋಯಿತು. ಬಳ್ಳಾರಿಯಂಥ ಊರುಗಳ ಡಿಟಿಪಿ ಅಂಗಡಿ, ಸೈಬರ್ ಕೆಫೆಗಳಿಗೆ ಕಂಪ್ಯೂಟರ್ ಬಂದದ್ದು ಹೆಚ್ಚಾಗಿ ಈ ರೂಪದಲ್ಲೇ. ಬ್ರ್ಯಾಂಡೆಡ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲಿಲ್ಲ.

ಆಟದಿಂದ ಏರಿದ ಖರ್ಚು

1993ರಲ್ಲಿ ಬಂದ ಡೂಮ್ ಆಟಕ್ಕೆ ಬೇರೆ ಕಾರ್ಡ್ ಬೇಕಿರಲಿಲ್ಲ. ಚಿತ್ರದ ಲೆಕ್ಕವನ್ನೆಲ್ಲ ಪ್ರೊಸೆಸರ್ ಒಂದೇ ಮಾಡುತ್ತಿತ್ತು. 1996ರಲ್ಲಿ ವೂಡೂ ಕಾರ್ಡ್, 1999ರಲ್ಲಿ ಎನ್‌ವಿಡಿಯಾದ ಜೀಫೋರ್ಸ್ 256 ಬಂದವು. ಚಿತ್ರ ಬಿಡಿಸುವ ಕೆಲಸ ಬೇರೆ ಚಿಪ್‌ಗೆ ಹೋಯಿತು. ಕ್ರಮೇಣ ಗೇಮಿಂಗ್ ಕಂಪ್ಯೂಟರ್‌ನಲ್ಲಿ ಅತಿ ದುಬಾರಿ ಪಾರ್ಟ್ ಅದೇ ಆಯಿತು.

ಕಡಿಮೆ ದುಡ್ಡಿನವರು ಸುಮ್ಮನೆ ಕೂರಲಿಲ್ಲ. 1998ರಲ್ಲಿ ಇಂಟೆಲ್‌ನ ಅಗ್ಗದ ಸೆಲೆರಾನ್ 300ಎ ಕೊಂಡು, ಬೋರ್ಡಿನ ಸೆಟ್ಟಿಂಗ್ ಬದಲಿಸಿ 300 ಮೆಗಾಹರ್ಟ್ಸ್‌ನದನ್ನು 450ಕ್ಕೆ ಓಡಿಸಿದವರು ಜಗತ್ತಿನ ತುಂಬ ಇದ್ದರು. 2018ರಲ್ಲಿ ಎಎಂಡಿ ಕಂಪನಿ 99 ಡಾಲರ್‌ಗೆ ರೈಜನ್ 3 2200ಜಿ ತಂದಿತು. ಗ್ರಾಫಿಕ್ಸ್ ಅದರೊಳಗೇ ಇತ್ತು, ಬೇರೆ ಕಾರ್ಡ್ ಇಲ್ಲದೆ ಸಾಧಾರಣ ಆಟಗಳು ಓಡಿದವು.

ಅದು ಬಡವರ ಪಾಲಿನ ಪ್ರೊಸೆಸರ್ ಆಯಿತು. ಯಾಕೆಂದರೆ ಕ್ರಿಪ್ಟೋ ನಾಣ್ಯ ಗಣಿಗಾರಿಕೆಗೆ ಕಾರ್ಡ್‌ಗಳನ್ನು ರಾಶಿಗಟ್ಟಲೆ ಕೊಳ್ಳುತ್ತಿದ್ದ ಕಾಲ ಅದು. 2021ರಲ್ಲೂ ಮತ್ತೆ ಅದೇ ಗೋಳು. 2022ರ ಸೆಪ್ಟೆಂಬರ್‌ನಲ್ಲಿ ಎಥಿರಿಯಂ ಆ ಪದ್ಧತಿ ಬಿಟ್ಟ ಮೇಲೆ, ಹಗಲು ರಾತ್ರಿ ದುಡಿದು ದಣಿದ ಹಳೇ ಕಾರ್ಡ್‌ಗಳು ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಗೆ ಬಂದವು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ದರ ಏರಿತು. ಗಣಿಯ ರೇಟು ಏರಿದರೆ ಊರಿನ ಲಾರಿ ಬಾಡಿಗೆ ಏನಾಗುತ್ತೆ ಅಂತ ಬಳ್ಳಾರಿಯವರಿಗೆ ಹೇಳಬೇಕಿಲ್ಲ.

ಹುಡುಗನ ಲೆಕ್ಕ

ಕತೆ ಮುಗಿಸಿ ನಾವು ಅವನಿಗೆ ಹೇಳಿದ್ದು ಇಷ್ಟು. 1981ರ ಆ ಪೆಟ್ಟಿಗೆಯ ಖಾಲಿ ಸ್ಲಾಟ್ ನಿನ್ನಂಥವನಿಗೇ. ಈಗ ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ತಗೋ, ಕಾರ್ಡ್ ಆಮೇಲೆ. ಆ ಗ್ರಾಫಿಕ್ಸ್ ರ‍್ಯಾಮ್‌ನಲ್ಲೇ ಪಾಲು ಕೇಳುತ್ತೆ, ಅದಕ್ಕೇ 16 ಜಿಬಿಯ ಒಂದರ ಬದಲು 8 ಜಿಬಿಯ ಎರಡು ಹಾಕು. ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಮಾನಿಟರ್ ಈಗಲೇ ಬೇಕಿಲ್ಲ, ಮನೆಯ ಟಿವಿಗೆ ಎಚ್‌ಡಿಎಂಐ ವೈರ್ ಸಾಕು. ಪ್ರತಿ ಪಾರ್ಟ್‌ಗೂ ವಾರಂಟಿ ಬೇರೆ ಬೇರೆ, ಸೀರಿಯಲ್ ನಂಬರ್ ಬರೆಸಿದ ಬಿಲ್ ಇಲ್ಲದೆ ಅಂಗಡಿ ಬಿಟ್ಟು ಬರಬೇಡ.

ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿತಾಯ ಬೇಡ ಅಂದೆವು. ಹಾಸ್ಟೆಲ್ ದಿನಗಳಲ್ಲಿ ನಾವು ನಾಲ್ಕು ಜನ ದುಡ್ಡು ಹಾಕಿ ಒಂದು ಕಂಪ್ಯೂಟರ್ ಜೋಡಿಸಿದ್ದೆವು. ಎಲ್ಲ ಒಳ್ಳೇದು ತಂದು, ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ ಹಾಕಿದೆವು. ಒಂದು ರಾತ್ರಿ ಕರೆಂಟ್ ಹೋಗಿ ಬಂದಾಗ ಅದು ಸುಟ್ಟಿತು, ಜೊತೆಗೆ ಬೋರ್ಡನ್ನೂ ತಗೊಂಡು ಹೋಯಿತು. ಪರೀಕ್ಷೆಗೆ ಎರಡು ವಾರ ಇತ್ತು.

ಮುಂದಿನ ಭಾನುವಾರ ಅಪ್ಪ ಮಗ ಬಳ್ಳಾರಿಗೆ ಹೋದರು, ನಾವೂ ಜೊತೆಗಿದ್ದೆವು. ಅಂಗಡಿಯವರು ಬಣ್ಣದ ಲೈಟಿನ ಕ್ಯಾಬಿನೆಟ್ ತೋರಿಸಿದರು. ಹುಡುಗನ ಕಣ್ಣು ಅಲ್ಲೇ ನಿಂತಿತು. ಅಪ್ಪ ಪಕ್ಕದಲ್ಲಿದ್ದ ಭಾರದ ಕಪ್ಪು ಡಬ್ಬಿ ಎತ್ತಿ ನೋಡಿದರು.

"ಇದೇನ್ ಮಾಡ್ತೈತಿ?"

"ಹೊಲದಾಗಿನ ಟಿಸಿ ಇದ್ದಂಗಪ್ಪ. ಎಲ್ಲದಕ್ಕೂ ಕರೆಂಟ್ ಇದ ಕೊಡ್ತೈತಿ."

ಹೋದ ವರ್ಷ ಅವರ ಹೊಲದ ಟಿಸಿ ಸುಟ್ಟಿತ್ತು.

"ಹಂಗಾದ್ರ ಇದನ್ನ ಚಲೋದು ತಗ. ಲೈಟಿಂದು ಬ್ಯಾಡ."

ಈಗ ಸಂಜೆ ಧಾರಾವಾಹಿ ಮುಗಿಯುವವರೆಗೆ ಹುಡುಗ ಟಿವಿಗಾಗಿ ಕಾಯುತ್ತಾನೆ. ಬೋರ್ಡಿನ ಮೇಲೆ ಕಾರ್ಡ್ ಕೂರುವ ಸ್ಲಾಟ್ ಇನ್ನೂ ಖಾಲಿ ಇದೆ. ಅದರ ಮಾತು ಮುಂದಿನ ವರ್ಷ, ಮೆಣಸಿನಕಾಯಿ ರೇಟು ನೋಡಿ.