ಭಯಕ್ಕೆ ಸೋತವರ ವಿಶ್ವಾಸ: ಶ್ರೀರಂಗಪಟ್ಟಣದ ಸೆರೆ, 1784–1799

ಕೆನರಾದ ಕಥೋಲಿಕ ಕ್ರೈಸ್ತರು ಟಿಪ್ಪು ಸುಲ್ತಾನನ ಆಜ್ಞೆಯಿಂದ ಸೆರೆಯಾದದ್ದು 1784ರ ಫೆಬ್ರವರಿಯಲ್ಲಿ. ಬೂದಿ ಬುಧವಾರದಂದು ಎಂಬುದು ಪರಂಪರೆಯ ಮಾತು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿನ ಆರೋಪ. ಗುರುಗಳನ್ನು ಗಡೀಪಾರು ಮಾಡಲಾಯಿತು, ದೇವಾಲಯಗಳು ನೆಲಸಮವಾದವು, ಜನರು ಮಕ್ಕಳು ಮುದುಕರೊಡನೆ ಘಟ್ಟ ಹತ್ತಿ ಶ್ರೀರಂಗಪಟ್ಟಣಕ್ಕೆ ನಡೆದರು. ಅಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಅವರನ್ನು 30,000 ಎಂದನು. ಅಬ್ಬೆ ದ್ಯುಬುವಾ 60,000 ಎಂದನು. ಬಲವಂತದ ಮತಾಂತರಕ್ಕೆ ಬಹುಪಾಲು ಜನರು ಮಣಿದರು.

ಈ ಕೊನೆಯ ಸಂಗತಿಯನ್ನು ನಮ್ಮ ಸಭಾಚರಿತ್ರೆಗಳು ಬೇಗ ದಾಟಿಬಿಡುತ್ತವೆ. ದ್ಯುಬುವಾ ದಾಟಲಿಲ್ಲ. ಇಷ್ಟು ಸಾವಿರ ಜನರಲ್ಲಿ ರಕ್ತಸಾಕ್ಷಿಯಾಗುವ ಧೈರ್ಯ ಒಬ್ಬನಿಗೂ ಇರಲಿಲ್ಲವೆಂದು ಅವನು ಕಟುವಾಗಿ ಬರೆದನು. ಕ್ರಾಂತಿಯ ಬಿರುಗಾಳಿಯೆದ್ದ 1792ರಲ್ಲಿ ಫ್ರಾನ್ಸ್ ಬಿಟ್ಟು ಬಂದವನು ಹೀಗೆ ಬರೆದನೆಂಬುದನ್ನು ಓದುಗರು ಮರೆಯಬಾರದು.

ಸಭೆಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. 250ರಲ್ಲಿ ದೇಕಿಯನ ಹಿಂಸೆಗೆ ಅಂಜಿ ಕಾರ್ಥೇಜಿನ ವಿಶ್ವಾಸಿಗಳು ಗುಂಪುಗುಂಪಾಗಿ ವಿಗ್ರಹಗಳಿಗೆ ಬಲಿಯರ್ಪಿಸಿದರು. ಧರ್ಮಾಧ್ಯಕ್ಷ ಸಿಪ್ರಿಯಾನನೂ ಅಡಗಿಕೊಂಡಿದ್ದನು. ಅದಕ್ಕಾಗಿ ನಿಂದೆಯನ್ನೂ ಕೇಳಿದನು. 251ರಲ್ಲಿ ಮರಳಿ ಬಂದು ಸಭಾಸಮ್ಮೇಳನವನ್ನು ಕರೆದಾಗ ಬಿದ್ದವರಿಗೆ ಬಾಗಿಲು ಮುಚ್ಚಲಿಲ್ಲ. ಪಶ್ಚಾತ್ತಾಪದ ದೀರ್ಘ ದಾರಿಯನ್ನು ತೋರಿಸಿದನು. ಅದೇ ಸಿಪ್ರಿಯಾನನು 258ರಲ್ಲಿ ಅಡಗದೆ ಶಿರಚ್ಛೇದಕ್ಕೆ ತಲೆಬಾಗಿದನು. ಭಯವಿಲ್ಲದಿರುವುದೇ ವಿಶ್ವಾಸವೆಂದು ಎಣಿಸಿದರೆ ಈ ಎಂಟು ವರ್ಷಗಳ ಅಂತರ ನಮಗೆ ಅರ್ಥವಾಗದು. ಪೇತ್ರನೂ ಅರ್ಥವಾಗನು.

ಮುಧೋಳ, ಸೇಡಂ, ಚಿತ್ತಾಪುರಗಳ ಕಡೆ ಚಿಕ್ಕ ಸಭೆಗಳಿಗೆ ಸೇವೆಗೆಂದು ಹೊರಡುವ ವಿದ್ಯಾರ್ಥಿಗೆ ಇದು ಬರಿಯ ಚರಿತ್ರೆಯಲ್ಲ. ಹೆದರಿ ಆರಾಧನೆಗೆ ಬರುವುದನ್ನು ಬಿಟ್ಟ ಮನೆಯವರ ಬಾಗಿಲಲ್ಲಿ ನಿಂತಾಗ ಅವನ ಬಾಯಲ್ಲಿ ದ್ಯುಬುವಾನ ಮಾತಿರಬೇಕೋ, ಸಿಪ್ರಿಯಾನನದೋ?

ದ್ಯುಬುವಾನ ಬರಹಕ್ಕಿಂತ ಅವನ ಕೆಲಸ ದೊಡ್ಡದೆಂದೂ ಹೇಳಬೇಕು. 1799ರ ಮೇ 4ರಂದು ಪಟ್ಟಣ ಬಿದ್ದ ಬಳಿಕ ಅವನೇ ಅಲ್ಲಿಗೆ ಹೋಗಿ, ಮಣಿದಿದ್ದವರನ್ನು ಸಭೆಯೊಡನೆ ಸಂಧಾನಗೊಳಿಸಿದನು. ಹದಿನೈದು ವರ್ಷ ಗುರುಗಳಿಲ್ಲದೆ, ಸಂಸ್ಕಾರಗಳಿಲ್ಲದೆ ಬದುಕಿದವರು ತಾವಾಗಿಯೇ ಹಿಂತಿರುಗಿದರು. ಯಾರೂ ಅವರನ್ನು ಬಲವಂತಪಡಿಸಲಿಲ್ಲ. ಸಹಸ್ರಾರು ಜನ ಘಟ್ಟವಿಳಿದು ಕೆನರಾಕ್ಕೆ ನಡೆದರು. ಅವರ ಹೊಲಗಳು ಆಗಲೇ ಪರರ ಕೈಸೇರಿದ್ದವು. ಮಂಗಳೂರಿನಲ್ಲಿ ಮಿಲಾಗ್ರಿಸ್ ದೇವಾಲಯ 1811ರಲ್ಲಿ, ರೊಸಾರಿಯೊ 1813ರಲ್ಲಿ ಮತ್ತೆ ಎದ್ದು ನಿಂತವು. ಆ ಗೋಡೆಗಳಿಗೆ ಕಲ್ಲು ಹೊತ್ತವರಲ್ಲಿ ಶ್ರೀರಂಗಪಟ್ಟಣದಲ್ಲಿ ಹೆದರಿ ಮಣಿದವರೂ ಇದ್ದಿರಲೇಬೇಕು.